ಧಾರಾವಾಹಿ ಬರೆಯುವ ಕೈಗೆ ಕೆ.ಪಿ. ರಾವ್ ಕೀಲಿಮಣೆ

ವಾರಕ್ಕೆ ಆರು ಸಂಚಿಕೆ, ಜಾಹೀರಾತು ಕಳೆದರೆ ಒಂದೊಂದೂ ಸುಮಾರು 22 ನಿಮಿಷ. ದಿನವೂ ಬರುವ ಧಾರಾವಾಹಿಗೆ ಸಂಭಾಷಣೆ ಬರೆಯುವ ನನ್ನಂಥವನ ಬದುಕು ಈ ಲೆಕ್ಕದ ಮೇಲೆ ನಿಂತಿದೆ. ಗುರುವಾರ ಟಿಆರ್‌ಪಿ ಬಂದು ಕಥೆಯ ದಿಕ್ಕು ಬದಲಾಯಿತೆಂದರೆ ಬರೆದಿಟ್ಟ ದೃಶ್ಯಗಳನ್ನೂ ಮತ್ತೆ ಬರೆಯಬೇಕು. ಮುಂಚಿತವಾಗಿ ಚಿತ್ರೀಕರಿಸಿಟ್ಟ ಸಂಚಿಕೆಗಳ ದಾಸ್ತಾನು, ಅಂದರೆ ನಮ್ಮ 'ಬ್ಯಾಂಕ್', ಕರಗಿದ ವಾರವಂತೂ ಒಂಬತ್ತು ಗಂಟೆಯ ಚಿತ್ರೀಕರಣಕ್ಕೆ ಏಳು ಗಂಟೆಯವರೆಗೂ ಮಾತು ಹೊಸೆಯುತ್ತಿರುತ್ತೇನೆ. ಹಾಗಾಗಿ ನನಗೆ ಕೀಲಿಮಣೆ ಎಂದರೆ ಬಡಗಿಗೆ ಉಳಿ ಇದ್ದಂತೆ.

2003ರಲ್ಲಿ ಪ್ರತಿ ಮಾಡುವ ಹುಡುಗನಾಗಿ ಸೇರಿದೆ. ಹಿರಿಯರು ಸಂಭಾಷಣೆ ಹೇಳುತ್ತಾ ಹೋಗುತ್ತಿದ್ದರು, ನಾನು ಅದನ್ನು ಕಾರ್ಬನ್ ಹಾಳೆಯಿಟ್ಟು ಒತ್ತಿ ಬರೆದುಕೊಳ್ಳುತ್ತಿದ್ದೆ. ಮಸುಕಾದ ಮೂರನೆಯ ಪ್ರತಿ ಯಾವಾಗಲೂ ಸಣ್ಣ ಪಾತ್ರದವರ ಪಾಲಿಗೆ. ಅದನ್ನು ಬೆಳಕಿಗೆ ಹಿಡಿದು ಓದುತ್ತಿದ್ದ ಒಬ್ಬ ಹಿರಿಯ ಕಲಾವಿದೆಯ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ. ಸ್ವಂತವಾಗಿ ಸಂಭಾಷಣೆ ಬರೆಯುವ ಅವಕಾಶ ಸಿಕ್ಕಾಗ ನಾನು ಮೊದಲು ಮಾಡಿದ್ದು ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯುವ 'ನುಡಿ' ತಂತ್ರಾಂಶ ಹಾಕಿಸಿಕೊಂಡು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಕಲಿತದ್ದು.

ಕೆ.ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾಯರು, ಕನ್ನಡದ ಕಾಗುಣಿತವನ್ನು ಅರಿತು ಇದನ್ನು ಕಟ್ಟಿದ್ದಾರೆ. ವ್ಯಂಜನದ ಕೀಲಿ ಒತ್ತಿದರೆ ಅಕಾರ ತಾನಾಗಿ ಸೇರಿರುತ್ತದೆ; ಒತ್ತಕ್ಷರ ಬೇಕಾದಾಗ ನಡುವೆ 'ಎಫ್' ಒತ್ತಿದರಾಯಿತು. 'ಅತ್ತೆ' ಬರೆಯಲು ಐದು ಸಲ ಕೀಲಿ ಒತ್ತಬೇಕು, 'ಸೊಸೆ'ಗೆ ನಾಲ್ಕು ಸಲ. 'ಕನ್ನಡ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಏಳು ಅಕ್ಷರ ಬೇಕು, ಇಲ್ಲಿ ಐದೇ ಒತ್ತು. ಒಂದು ಪದದಲ್ಲಿ ಈ ಉಳಿತಾಯ ಅಲ್ಪವೇ. ಒಂದು ಸಂಚಿಕೆ ಮುಗಿಯುವ ಹೊತ್ತಿಗೆ ಬೆರಳುಗಳಿಗೆ ಗೊತ್ತಾಗುತ್ತದೆ.

ಕಷ್ಟವೂ ಇದೆ. 'ಟ'ಕಾರ 'ಕ್ಯು' ಕೀಲಿಯಲ್ಲಿ, 'ಡ'ಕಾರ 'ಡಬ್ಲ್ಯು' ಕೀಲಿಯಲ್ಲಿ ಇರುವುದನ್ನು ಉಚ್ಚಾರದಿಂದ ಊಹಿಸಲಾಗದು, ರೂಢಿಯಿಂದಲೇ ಕಲಿಯಬೇಕು. ನನಗೆ ಮೂರು ವಾರ ಹಿಡಿಯಿತು. ಹೊಸಬರು ಮೊದಲ ದಿನದಿಂದಲೇ, ಎಲ್ಲ ಭಾಷೆಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯೂನಿಕೋಡ್‌ನಲ್ಲಿ ಬರೆಯಲಿ. ಹಳೆಯ ಆಸ್ಕಿ ಫಾಂಟ್‌ನ ಬರಹ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಓದಲು ಬರುವುದಿಲ್ಲ.

ಈಗ ಸೆಟ್ಟಿಗೆ ಸಂಭಾಷಣೆ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ. ಅವಸರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ಕಳುಹಿಸುವವರೂ ಇದ್ದಾರೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಒಮ್ಮೆ ನನ್ನ ದೃಶ್ಯವನ್ನು ಯಾರೋ ಹಾಗೆ ಮರುಬರೆದು ಕೊಟ್ಟಿದ್ದರು. 'ಈ ಮನೆಯ ಕೊಳೆಗೆ ನಾನೇ ಕಾರಣ' ಎಂದು ಕಣ್ಣೀರಿಡಬೇಕಾದ ಹುಡುಗಿ 'ಕೊಲೆಗೆ' ಎಂದಳು. ಬೇರೆ ಭಾಷೆಯಿಂದ ಬಂದ ಆ ಕಲಾವಿದೆಯ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಆ ಹಾಳೆಯಲ್ಲಿ 'ಲ'ಕ್ಕೂ 'ಳ'ಕ್ಕೂ ಇದ್ದದ್ದು ಒಂದೇ ಅಕ್ಷರ. ಈ ಕೀಲಿಮಣೆಯಲ್ಲಿ ಅವೆರಡರ ನಡುವೆ ಇರುವುದು ಒಂದು ಶಿಫ್ಟ್ ಮಾತ್ರ.

ನುಡಿ ಉಚಿತ. ಲಿನಕ್ಸ್ ಬಳಸುವ ಕಂಪ್ಯೂಟರ್‌ಗಳಲ್ಲಿ ಇದೇ ವಿನ್ಯಾಸ 'ಕಗಪ' (ಕನ್ನಡ ಗಣಕ ಪರಿಷತ್ತು) ಎಂಬ ಹೆಸರಿನಲ್ಲಿ ಸಿಗುತ್ತದೆ.

ನನ್ನ ಸಹಾಯಕಿ ಹದಿನೈದು ದಿನದಿಂದ ಇದನ್ನು ಕಲಿಯುತ್ತಿದ್ದಾಳೆ. ನಿನ್ನೆ ಕೀಲಿಗಳ ಕಡೆ ನೋಡದೆ ಅರ್ಧ ಪುಟ ಬರೆದಳು. ಸೋಮವಾರದ ಸಂಚಿಕೆಯ ಅಡುಗೆಮನೆಯ ದೃಶ್ಯವನ್ನು ಅವಳಿಗೇ ಒಪ್ಪಿಸಿದ್ದೇನೆ.