ಆಯಿಲ್ ಪೇಂಟಿಂಗ್ ಅಂತ ಕೊಟ್ಟ ಲೂಯಿ ಆರ್ಮ್‌ಸ್ಟ್ರಾಂಗ್ ಚಿತ್ರ: ಕೊಳ್ಳುವ ಮೊದಲು ನೋಡಿ

ಅಮೆರಿಕದ ನ್ಯೂ ಆರ್ಲಿಯನ್ಸ್‌ಗೆ ಹೋದಾಗ ಜಾಝ್ ಕಲಾವಿದರ ಪೇಂಟಿಂಗ್ ತರಬೇಕು ಅಂದುಕೊಂಡವರು ಇದನ್ನು ಓದಿ. ಅಲ್ಲಿನ ಫ್ರೆಂಚ್ ಕ್ವಾರ್ಟರ್ ಬಡಾವಣೆಯ ಒಂದು ಅಂಗಡಿಯಲ್ಲಿ ನಮಗೆ ಜಾಝ್‌ನ ಹೆಸರಾಂತ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರು ಟ್ರಂಪೆಟ್ ಹಿಡಿದಿರುವ ಚಿತ್ರ ಮಾರಿದರು. ಕೈಯಲ್ಲೇ ಬರೆದದ್ದಂತೆ, ಇರುವುದು ಒಂದೇ ಅಂತೆ. ಸುಮಾರು ನಾನೂರು ಡಾಲರ್. ಅದು ಪೇಂಟಿಂಗೇ ಅಲ್ಲ. ಕ್ಯಾನ್ವಾಸ್ ಮೇಲೆ ಇಂಕ್‌ಜೆಟ್ ಪ್ರಿಂಟ್ ಹಾಕಿ, ಅದರ ಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಜೆಲ್ ಬಳಿದಿದ್ದಾರೆ. ದೂರದಿಂದ ಥೇಟ್ ಬ್ರಷ್ ಗೆರೆ.

ಅನುಮಾನ ಬಂದದ್ದು ಮಗಳಿಗೆ. ಅವಳು ಸ್ಕೂಲ್ ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸುತ್ತಾಳೆ. "ಅಪ್ಪಾ, ಇವರು ಯಾಕೆ ಎಡಗೈಲಿ ವಾಲ್ವ್ ಒತ್ತುತ್ತಿದ್ದಾರೆ?" ಅಂದಳು. ಟ್ರಂಪೆಟ್‌ನ ಮೂರು ವಾಲ್ವ್, ಅಂದರೆ ಸ್ವರ ಬದಲಿಸುವ ಗುಂಡಿಗಳನ್ನು ಒತ್ತುವುದು ಬಲಗೈ. ಎಡಗೈ ವಾದ್ಯವನ್ನು ಹಿಡಿದಿರುತ್ತದೆ, ಅಷ್ಟೇ. ಅಂದರೆ ಯಾವುದೋ ಫೋಟೋವನ್ನು ಎಡ-ಬಲ ತಿರುಗಿಸಿದ್ದಾರೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗಬಾರದು ಅಂತ ಇರಬೇಕು. ನಾವು ವಾಪಸ್ ತಿರುಗಿಸಿ ಹುಡುಕಿದೆವು. ಸಿಕ್ಕಿಬಿಟ್ಟಿತು.

ವಿಲಿಯಂ ಗಾಟ್ಲೀಬ್ 1946ರಲ್ಲಿ ನ್ಯೂಯಾರ್ಕಿನ ಅಕ್ವೇರಿಯಂ ಅನ್ನುವ ಜಾಝ್ ಕ್ಲಬ್‌ನಲ್ಲಿ ತೆಗೆದ ಫೋಟೋ ಅದು. 1938ರಿಂದ 1948ರವರೆಗೆ ಅವರು ಜಾಝ್ ಲೋಕದ ದೊಡ್ಡವರನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದರು. ಬಿಲ್ಲಿ ಹಾಲಿಡೇ, ಚಾರ್ಲಿ ಪಾರ್ಕರ್, ಥೆಲೋನಿಯಸ್ ಮಂಕ್, ಎಲ್ಲರೂ ಇದ್ದಾರೆ. ಆ ಸಂಗ್ರಹವನ್ನು 1995ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡಿತು. ಗಾಟ್ಲೀಬ್ ಅವರ ಇಚ್ಛೆಯಂತೆ 2010ರಿಂದ ಆ ಫೋಟೋಗಳಿಗೆ ಕಾಪಿರೈಟ್ ಇಲ್ಲ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿ ಮಾರಲೂಬಹುದು. ಅದರಲ್ಲಿ ತಪ್ಪೇನಿಲ್ಲ. ಪ್ರಿಂಟ್ ಅಂತ ಹೇಳಿ ಪ್ರಿಂಟಿನ ರೇಟಿಗೆ ಮಾರಿದ್ದರೆ ನಾನೇ ಖುಷಿಯಿಂದ ತರುತ್ತಿದ್ದೆ.

ಅಂಗಡಿಯಲ್ಲಿ ಫೋನಿನ ಟಾರ್ಚ್ ಹಾಕಿ ಪಕ್ಕದಿಂದ ಬೆಳಕು ಬಿಡಿ. ನಿಜವಾದ ಪೇಂಟಿಂಗ್‌ನಲ್ಲಿ ಉಬ್ಬಿದ ಗೆರೆಯ ಜೊತೆಗೇ ಬಣ್ಣವೂ ಬದಲಾಗುತ್ತದೆ. ನಮ್ಮದರಲ್ಲಿ ಬ್ರಷ್ ಗುರುತು ಮೂಗು, ಕೆನ್ನೆ, ಟೈ ಯಾವುದನ್ನೂ ಲೆಕ್ಕಿಸದೆ ಒಂದೇ ಸಮನೆ ಓಡಿದೆ. ಭೂತಗನ್ನಡಿ ಇದ್ದರೆ ಇನ್ನೂ ಸುಲಭ, ಪ್ರಿಂಟರಿನ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಕಾಣುತ್ತವೆ. ಸರ್ಟಿಫಿಕೇಟ್ ನೋಡಿ ಮಾತ್ರ ನಂಬಬೇಡಿ. ನಮಗೂ ಚಿನ್ನದ ಅಂಚಿನ ಒಂದು ಸರ್ಟಿಫಿಕೇಟ್ ಕೊಟ್ಟಿದ್ದಾರೆ! ಅದನ್ನೂ ಅದೇ ಪ್ರಿಂಟರ್‌ನಲ್ಲಿ ತೆಗೆದಿರಬೇಕು.

ಫೋನ್ ಮಾಡಿದಾಗ ಅಂಗಡಿಯವರು, ಬಿಲ್ಲಿನಲ್ಲಿ 'ಹ್ಯಾಂಡ್ ಎಂಬೆಲಿಶ್ಡ್' ಅಂತ ಇದೆಯಲ್ಲ ಅಂದರು. ಪ್ರಿಂಟಿನ ಮೇಲೆ ಕೈಯಲ್ಲಿ ಏನೋ ಬಳಿದಿದ್ದೇವೆ ಅನ್ನುವುದಕ್ಕೆ ಈ ಹೆಸರು. ಬಾಯಲ್ಲಿ ಆಯಿಲ್ ಪೇಂಟಿಂಗ್, ಬಿಲ್ಲಿನಲ್ಲಿ ಇದು. ಹಾಗಾಗಿ ದುಡ್ಡು ಕೊಡುವ ಮೊದಲೇ ಬಿಲ್ಲಿನಲ್ಲಿ 'ಒರಿಜಿನಲ್ ಆಯಿಲ್ ಪೇಂಟಿಂಗ್, ಪ್ರಿಂಟ್ ಅಲ್ಲ' ಅಂತ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಅಲ್ಲೇ ಹತ್ತಿರದ ಜ್ಯಾಕ್ಸನ್ ಸ್ಕ್ವೇರ್‌ನಲ್ಲಿ ಕಲಾವಿದರು ಕಬ್ಬಿಣದ ಬೇಲಿಗೆ ಚಿತ್ರ ನೇತುಹಾಕಿ ಕೂತಿರುತ್ತಾರೆ. ನಿಮ್ಮ ಕಣ್ಣೆದುರೇ ಬಣ್ಣ ಹಚ್ಚುವವರ ಹತ್ತಿರ ಮಾತಾಡಿ ಕೊಳ್ಳುವುದು ವಾಸಿ.

ಕ್ಯಾಶ್ ಅಂತೂ ಬೇಡ. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದಕ್ಕೆ, ಹೇಳಿದ ವಸ್ತು ಕೊಟ್ಟಿಲ್ಲ ಅಂತ ಕಾರ್ಡ್ ಕಂಪನಿಗೆ ದೂರು ಹಾಕಲು ದಾರಿಯಾದರೂ ಇತ್ತು. ಟಾರ್ಚ್ ಬೆಳಕಿನ ಫೋಟೋಗಳನ್ನೂ ಗಾಟ್ಲೀಬ್ ಅವರ ಮೂಲ ಫೋಟೋವನ್ನೂ ಸೇರಿಸಿ ಕಳಿಸಿದ್ದೇನೆ. ಅಂಗಡಿಯವರು ಉತ್ತರವಾಗಿ ಅದೇ ಚಿನ್ನದ ಅಂಚಿನ ಸರ್ಟಿಫಿಕೇಟ್ ಕಳಿಸಿದ್ದಾರೆ.