ಕಾರಿನ ಮೈಮೇಲಿನ ಸ್ಟಿಕ್ಕರ್ ಅಂಟಿಗೆ ಡಬ್ಲ್ಯೂಡಿ-40: ಅರ್ಧ ಕೆಲಸದ ಸ್ಪ್ರೇ

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹಿಂದಿನ ಒಡೆಯರ ಭಕ್ತಿ, ಅಭಿಮಾನ, ಉದ್ಯೋಗಗಳ ಪರಿಚಯವೂ ಡಿಕ್ಕಿಯ ಮೇಲಿನ ಸ್ಟಿಕ್ಕರ್‌ಗಳ ರೂಪದಲ್ಲಿ ಜೊತೆಗೇ ಬರುತ್ತದೆ. ಅವನ್ನು ತೆಗೆಯಲು ಬಹಳ ಮಂದಿ ಸೂಚಿಸುವುದು ಡಬ್ಲ್ಯೂಡಿ-40 ಡಬ್ಬಿಯನ್ನು. ಲೋಹವು ತುಕ್ಕು ಹಿಡಿಯದಿರಲೆಂದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ರೂಪುಗೊಂಡ ಈ ಸ್ಪ್ರೇ, ಸ್ಟಿಕ್ಕರ್ ತೆಗೆಯುವ ಕೆಲಸದಲ್ಲಿ ಅರ್ಧವನ್ನಷ್ಟೇ ಮಾಡುತ್ತದೆ. ಆ ಅರ್ಧವನ್ನು ಮಾತ್ರ ಬಹಳ ಚೆನ್ನಾಗಿ ಮಾಡುತ್ತದೆ.

ಸ್ಟಿಕ್ಕರಿನ ಮೇಲೆಯೇ ಸ್ಪ್ರೇ ಹೊಡೆದರೆ ದ್ರವವು ವಿನೈಲ್ ಹಾಳೆಯನ್ನು ದಾಟಿ ಅಂಟನ್ನು ಮುಟ್ಟುವುದಿಲ್ಲ. ವರ್ಷಗಟ್ಟಲೆ ಬಿಸಿಲುಂಡ ವಿನೈಲ್ ಹಪ್ಪಳದಂತೆ ಚೂರುಚೂರಾಗಿ ಏಳುವುದರಿಂದ, ಮೊದಲು ಹೇರ್ ಡ್ರೈಯರಿನ ಬಿಸಿಗಾಳಿ ಹಾಯಿಸಿ ಹಾಳೆಯನ್ನೂ ಅಂಟನ್ನೂ ಮೆತ್ತಗಾಗಿಸಿ, ಒಂದು ಮೂಲೆಯನ್ನು ಉಗುರಿನಿಂದಲೋ ಹಳೆಯ ಎಟಿಎಂ ಕಾರ್ಡಿನಿಂದಲೋ ಎಬ್ಬಿಸಿ, ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಬೇಕು. ಸ್ಪ್ರೇಯ ಸರದಿ ಬರುವುದು ಅನಂತರ, ಅದೂ ಡ್ರೈಯರನ್ನು ಆರಿಸಿ ದೂರವಿಟ್ಟ ಮೇಲೆ. ಏಕೆಂದರೆ ಈ ದ್ರವ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು.

ಉಳಿದ ಅಂಟಿನ ಮೇಲೆ ಸಿಂಪಡಿಸಿ ಕೆಲವು ನಿಮಿಷ ಬಿಟ್ಟರೆ, ಅದರಲ್ಲಿರುವ ಪೆಟ್ರೋಲಿಯಂ ದ್ರಾವಕವು ಒಳಗಿಳಿದು ಅಂಟನ್ನು ಸಡಿಲಿಸುತ್ತದೆ; ಮೈಕ್ರೋಫೈಬರ್ ಬಟ್ಟೆಯಿಂದ ಉಜ್ಜಿದರೆ ಅದು ಉಂಡೆಯುಂಡೆಯಾಗಿ ಎದ್ದು ಬರುತ್ತದೆ. ಕಾರ್ಖಾನೆಯಲ್ಲಿ ಬಳಿದ ಬಣ್ಣಕ್ಕೆ ಇದರಿಂದ ಭಯವಿಲ್ಲ. ಥಿನ್ನರ್ ಇನ್ನೂ ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಟಿಂಕರಿಂಗ್ ಅಂಗಡಿಯಲ್ಲಿ ಮರುಬಣ್ಣ ಕಂಡ ಬಾಗಿಲಿನ ಮೇಲೆ ಅದು ಅಂಟಿನೊಡನೆ ಬಣ್ಣವನ್ನೂ ಎಬ್ಬಿಸಬಲ್ಲದು, ಮತ್ತು ಹಳೆಯ ಕಾರಿನಲ್ಲಿ ಯಾವ ಬಾಗಿಲು ಅಂಥದ್ದೆಂದು ಖಚಿತವಾಗಿ ಹೇಳುವವರು ಯಾರು?

ಈ ಸ್ಪ್ರೇ ಎಣ್ಣೆಯ ಪದರವೊಂದನ್ನು ಬಿಟ್ಟುಹೋಗುತ್ತದೆ. ಕಾರ್ ಶಾಂಪೂ ಹಾಕಿ ತೊಳೆಯದಿದ್ದರೆ ಅಲ್ಲಿ ಧೂಳು ಕೂರುತ್ತದೆ, ವ್ಯಾಕ್ಸ್ ಹಿಡಿಯುವುದಿಲ್ಲ. ಒಂದೇ ಒಂದು ಸಣ್ಣ ಸ್ಟಿಕ್ಕರಿಗಾಗಿ ಡಬ್ಬಿ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ನೀಲಗಿರಿ ಎಣ್ಣೆ ಇದ್ದರೆ ಅದೇ ಸಾಕು. ಕೀಲು, ಬೀಗಗಳಿಗೂ ಬಳಸುವವರಿಗೆ ಹಣ ದಂಡವಾಗದು.

ಅಂಟು ಪೂರ್ತಿ ಹೋದ ಮೇಲೂ ಸ್ಟಿಕ್ಕರಿನ ಆಕಾರ ಕಾಣುತ್ತಲೇ ಇದ್ದರೆ ಸ್ಪ್ರೇಯನ್ನು ದೂರಬಾರದು, ಇನ್ನಷ್ಟು ಸುರಿಯಲೂಬಾರದು. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿ, ಸ್ಟಿಕ್ಕರಿನಡಿಯ ಬಣ್ಣ ಹೊಸದಾಗಿಯೇ ಉಳಿದಿರುವುದರ ಗುರುತು ಅದು. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಮೇಲ್ಪದರದ ದಪ್ಪ ಸಾಮಾನ್ಯವಾಗಿ 50 ಮೈಕ್ರಾನಿನ, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ, ಆಸುಪಾಸು ಇರುವುದರಿಂದ, ಮೇಲ್ಮೈಯನ್ನು ನವಿರಾಗಿ ಸವೆಸುವ ರಬ್ಬಿಂಗ್ ಕಾಂಪೌಂಡಿನಿಂದ ಹಗುರವಾಗಿ ಉಜ್ಜಿ, ಎಷ್ಟು ಮರೆಯಾಗುತ್ತದೋ ಅಷ್ಟಕ್ಕೆ ನಿಲ್ಲಿಸುವುದು ಲೇಸು.