ಟ್ರಿಪಲ್ ಪ್ರೆಸ್ಡ್ ಸ್ಟಿಯರಿಕ್ ಆಮ್ಲ: ಸರಕು ಒಳ್ಳೆಯದು, ಚೀಟಿ ಅರೆಬರೆ

ಮೇಣದಬತ್ತಿ, ಸಾಬೂನು, ಕ್ರೀಮುಗಳನ್ನು ತಾವೇ ತಯಾರಿಸಿಕೊಳ್ಳುವವರಿಗಾಗಿ ಮಾರಾಟವಾಗುವ ಸ್ಟಿಯರಿಕ್ ಆಮ್ಲದ ಒಂದು ಕಿಲೋ ಪೊಟ್ಟಣವನ್ನು ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪೊಟ್ಟಣದ ಮೇಲಿರುವ ಘೋಷಣೆಗಳು ಮೂರು: ‘ಶೇ. 100 ಶುದ್ಧ’, ‘ಟ್ರಿಪಲ್ ಪ್ರೆಸ್ಡ್’ ಮತ್ತು ‘ಸಸ್ಯಮೂಲ’. ಇವುಗಳಲ್ಲಿ ಮೊದಲನೆಯದು ಸರಿಯಲ್ಲ, ಎರಡನೆಯದನ್ನು ಒಪ್ಪಬಹುದು, ಮೂರನೆಯದನ್ನು ತಯಾರಕರ ಮಾತಿನ ಮೇಲೆ ನಂಬಬೇಕು.

ಸ್ಟಿಯರಿಕ್ ಆಮ್ಲವೆಂಬ ಕೊಬ್ಬಿನಾಮ್ಲವು 18 ಇಂಗಾಲದ ಪರಮಾಣುಗಳ, ಒಂದೂ ದ್ವಿಬಂಧವಿಲ್ಲದ (ಅಂದರೆ ಇಂಗಾಲಗಳ ನಡುವೆ ಜೋಡಿ ಬಂಧವಿಲ್ಲದ) ನೇರ ಸರಪಳಿಯಾಗಿದ್ದು, ಶುದ್ಧ ರೂಪದಲ್ಲಿ ಸುಮಾರು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಈ ಚಕ್ಕೆಗಳಾದರೋ 55 ಡಿಗ್ರಿಯ ಆಸುಪಾಸಿನಲ್ಲೇ ಕರಗಿಹೋದವು. ಜೊತೆಗಿದ್ದ ವಿಶ್ಲೇಷಣಾ ಪತ್ರ ಕಾರಣವನ್ನು ತಾನೇ ಬಿಟ್ಟುಕೊಡುತ್ತದೆ. ಅದರಲ್ಲಿ ಆಮ್ಲಸಂಖ್ಯೆ, ಅಂದರೆ ಒಂದು ಗ್ರಾಂ ಸರಕನ್ನು ತಟಸ್ಥಗೊಳಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂ ಪ್ರಮಾಣ, 208 ಎಂದಿದೆ. ಶುದ್ಧ ಸ್ಟಿಯರಿಕ್ ಆಮ್ಲಕ್ಕೆ ಅದು 197, ಎರಡು ಇಂಗಾಲ ಕಡಿಮೆಯಿರುವ ಪಾಮಿಟಿಕ್ ಆಮ್ಲಕ್ಕೆ 219 ಇರಬೇಕು. 208 ಎಂದರೆ ಪೊಟ್ಟಣದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾಮಿಟಿಕ್ ಆಮ್ಲವೇ ಇದೆ ಎಂದಾಯಿತು. ಇವೆರಡರ ಮಿಶ್ರಣವು ಪಾಮಿಟಿಕ್ ಆಮ್ಲ ಒಂದೇ ಕರಗುವ 63 ಡಿಗ್ರಿಗಿಂತಲೂ ಕೆಳಗೆ ಕರಗುವುದರಿಂದ ಎರಡೂ ಲೆಕ್ಕಗಳು ತಾಳೆಯಾಗುತ್ತವೆ. ಮಾರುಕಟ್ಟೆಯಲ್ಲಿ ಸ್ಟಿಯರಿಕ್ ಆಮ್ಲವೆಂದು ಸಿಗುವ ಸರಕಿನಲ್ಲಿ ಬಹುಪಾಲು ಇಂಥ ಮಿಶ್ರಣವೇ ಆಗಿರುವುದರಿಂದ ಇದನ್ನು ಕಲಬೆರಕೆ ಎನ್ನಲಾರೆ, ಆದರೆ ‘ಶೇ. 100’ ಎಂದು ಅಚ್ಚು ಹಾಕಿಸುವ ಅಗತ್ಯವೇನಿತ್ತು?

ದ್ರವರೂಪದ, ಒಂದು ದ್ವಿಬಂಧವಿರುವ ಓಲಿಕ್ ಆಮ್ಲವನ್ನು ಮೂರು ಸಲ ಹಿಂಡಿ ತೆಗೆಯುತ್ತಿದ್ದ ಹಳೆಯ ವಿಧಾನದಿಂದ ‘ಟ್ರಿಪಲ್ ಪ್ರೆಸ್ಡ್’ ಎಂಬ ದರ್ಜೆ ಬಂದಿದೆ. ದ್ವಿಬಂಧಗಳ ಪ್ರಮಾಣವನ್ನು ಅಳೆಯುವ ಅಯೋಡಿನ್ ಸಂಖ್ಯೆ 0.5ಕ್ಕಿಂತ ಕಡಿಮೆ ಇದೆಯೆಂದು ಪತ್ರ ಹೇಳುತ್ತದೆ, ಅಂದರೆ ದ್ವಿಬಂಧವಿರುವ ಆಮ್ಲಗಳು ಬಹುತೇಕ ಉಳಿದಿಲ್ಲ. ಚಕ್ಕೆಗಳು ಅಚ್ಚ ಬಿಳಿಯಾಗಿವೆ, ಕಾಯಿಸಿದಾಗ ಹಳದಿಗೆ ತಿರುಗಲಿಲ್ಲ, ಮೇಣದ ಮಂದ ವಾಸನೆಯ ಹೊರತು ಕಮಟು ಇಲ್ಲ.

ಮೂಲದ ವಿಷಯಕ್ಕೆ ಬಂದರೆ, ಈ ಆಮ್ಲವು ಪ್ರಾಣಿಕೊಬ್ಬಿನಲ್ಲೂ ಸಸ್ಯಗಳಲ್ಲೂ ಇದೆ. ಕೋಕೋ ಬೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಮೂರನೇ ಒಂದು ಪಾಲು ಇದೇ ಆಗಿದ್ದು, ಶಿಯಾ ಬೆಣ್ಣೆಯಲ್ಲಿ ಅದಕ್ಕಿಂತಲೂ ಹೆಚ್ಚಿರುತ್ತದೆ. ತಾಳೆ ಎಣ್ಣೆಯಲ್ಲಿ ಮಾತ್ರ ಇದು ಶೇ. 5ರ ಆಸುಪಾಸಿನಲ್ಲಿದ್ದು, ಪಾಮಿಟಿಕ್ ಆಮ್ಲವೇ ಮೇಲುಗೈ ಪಡೆದಿದೆ. ಹಾಗಿದ್ದೂ ತಾಳೆ ಎಣ್ಣೆಯಿಂದ ಇಂಥ ಸರಕನ್ನು ತಯಾರಿಸಲು ಸಾಧ್ಯವಾಗುವುದು, ಅದರಲ್ಲಿ ಧಾರಾಳವಾಗಿರುವ ಓಲಿಕ್ ಆಮ್ಲವೂ 18 ಇಂಗಾಲದ್ದೇ ಆಗಿರುವುದರಿಂದ. ನಿಕಲ್ ಕ್ರಿಯಾವರ್ಧಕದ ನೆರವಿನಿಂದ ಅದರ ದ್ವಿಬಂಧಕ್ಕೆ ಜಲಜನಕವನ್ನು ಸೇರಿಸಿದರೆ ಅದು ಸ್ಟಿಯರಿಕ್ ಆಮ್ಲವಾಗುತ್ತದೆ. ಯಾವ ಮೂಲದಿಂದ ಬಂದರೂ ಅಣು ಒಂದೇ. ಮೆಲುಕು ಹಾಕುವ ಪ್ರಾಣಿಗಳ ಕೊಬ್ಬಿನ ಸುಳಿವಾಗಿ 17 ಇಂಗಾಲದ ಆಮ್ಲವು ಅಲ್ಪ ಪ್ರಮಾಣದಲ್ಲಿ ಸಿಗಬಹುದಾದರೂ ಅದನ್ನು ಪತ್ತೆಹಚ್ಚಲು ಮಿಶ್ರಣದ ಘಟಕಗಳನ್ನು ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮೆಟೊಗ್ರಫಿ ಎಂಬ ಪ್ರಯೋಗಾಲಯ ಪರೀಕ್ಷೆ ಬೇಕು. ಸಸ್ಯಾಹಾರಿಗಳಿಗೂ ತಾಳೆ ತೋಟಗಳ ವಿಸ್ತರಣೆಯನ್ನು ವಿರೋಧಿಸುವವರಿಗೂ ಮುಖ್ಯವಾದ ಈ ವಿಷಯದಲ್ಲಿ, ಬರೀ ‘ಸಸ್ಯಮೂಲ’ ಎನ್ನದೆ ಯಾವ ಸಸ್ಯವೆಂದು ನಮೂದಿಸುವುದು ತಯಾರಕರ ಹೊಣೆ.

ಬಳಕೆಯಲ್ಲಿ ನನಗೆ ದೂರುಗಳಿಲ್ಲ. ಪ್ಯಾರಾಫಿನ್‌ಗೆ ಬೆರೆಸಿದಾಗ ಮೇಣದಬತ್ತಿ ಗಟ್ಟಿಯಾಗಿ, ಅಪಾರದರ್ಶಕವಾಗಿ ಬಂತು, ಅಚ್ಚಿನಿಂದ ಸಲೀಸಾಗಿ ಬಿಟ್ಟುಕೊಂಡಿತು. ಭಾಗಶಃ ಕ್ಷಾರದೊಡನೆ ತಟಸ್ಥಗೊಳಿಸಿ ಮಾಡಿದ ಕ್ರೀಮಿನಲ್ಲಿ ನಿರೀಕ್ಷಿತ ಮುತ್ತಿನ ಹೊಳಪೂ ಮೂಡಿತು. ಸಾಬೂನು ಮಾಡುವವರು ಮಾತ್ರ ಪೊಟ್ಟಣದ ಹೆಸರನ್ನು ಬದಿಗಿಟ್ಟು ಆಮ್ಲಸಂಖ್ಯೆಯಿಂದಲೇ ಕ್ಷಾರದ ಲೆಕ್ಕ ಹಾಕಬೇಕು: ಶುದ್ಧ ಸ್ಟಿಯರಿಕ್ ಆಮ್ಲದ 100 ಗ್ರಾಂಗೆ 14.1 ಗ್ರಾಂ ಕಾಸ್ಟಿಕ್ ಸೋಡ (ಸೋಡಿಯಂ ಹೈಡ್ರಾಕ್ಸೈಡ್) ಸಾಕಾದರೆ, ಈ ಮಿಶ್ರಣಕ್ಕೆ 14.8 ಗ್ರಾಂ ಬೇಕಾಗುತ್ತದೆ.